ಕಂಪ್ಯೂಟರ್ ಹ್ಯಾಕ್ ಆಗಿರುವ ಅನುಮಾನವೇ? ಅದರಲ್ಲೇ ಪಾಸ್‌ವರ್ಡ್ ಬದಲಿಸಬೇಡಿ!

‘ಹ್ಯಾಕ್ ಆದರೆ ತಕ್ಷಣ ಎಲ್ಲ ಪಾಸ್‌ವರ್ಡ್ ಬದಲಿಸಿ’, ‘ಫಾರ್ಮ್ಯಾಟ್ ಹೊಡೆದರೆ ಸಾಕು’ ಎಂಬ ಸಲಹೆಗಳನ್ನು ನಾವೆಲ್ಲ ಕೇಳಿರುತ್ತೇವೆ. ಎರಡರಲ್ಲೂ ಅರ್ಧ ಸತ್ಯವಿದೆ. ಮಾಡುವ ಕ್ರಮ ತಪ್ಪಿದರೆ ಈ ಸಲಹೆಗಳೇ ಮುಳುವಾಗುತ್ತವೆ.

2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಕೆನರಾ ಬ್ಯಾಂಕ್ ಶಾಖೆಯಿಂದ ಸುಮಾರು 59 ಕೆ.ಜಿ. ಚಿನ್ನ ಕಳುವಾಗಿದ್ದು ನೆನಪಿರಬಹುದು. ಕಳ್ಳರು ನಕಲಿ ಕೀಲಿ ಬಳಸಿದ್ದರು ಎಂದು ಪೊಲೀಸರು ಹೇಳಿದ್ದರು. ಕೀಲಿಯ ನಕಲು ಕಳ್ಳನ ಕೈಗೆ ಸಿಕ್ಕರೆ ಎಷ್ಟು ಗಟ್ಟಿ ಬೀಗವಾದರೂ ವ್ಯರ್ಥ. ಕಂಪ್ಯೂಟರ್‌ನಲ್ಲಿ ಪಾಸ್‌ವರ್ಡ್ ಎಂದರೆ ಇಂಥದೇ ಕೀಲಿ. ಕಳ್ಳ ಒಳಗೆ ಕುಳಿತು ನೋಡುತ್ತಿರುವಾಗಲೇ ಹೊಸ ಕೀಲಿ ಮಾಡಿಸಿದರೆ ಅದರ ನಕಲೂ ಅವನಿಗೆ ಸಿಗುತ್ತದೆ. ನೀವು ಒತ್ತುವ ಪ್ರತಿ ಅಕ್ಷರವನ್ನೂ ದಾಖಲಿಸುವ ‘ಕೀಲಾಗರ್’ ಎಂಬ ಕುತಂತ್ರಾಂಶ ಮಾಡುವುದು ಇದನ್ನೇ.

ಹ್ಯಾಕ್ ಆಗಿದೆ ಎಂದು ಅನುಮಾನಿಸುವುದು ಯಾವಾಗ?

ಕಂಪ್ಯೂಟರ್ ನಿಧಾನವಾದ ಮಾತ್ರಕ್ಕೆ ಹ್ಯಾಕ್ ಆಗಿದೆ ಎಂದಲ್ಲ. ಹಳೆಯ ಹಾರ್ಡ್‌ಡಿಸ್ಕ್, ತುಂಬಿದ ಮೆಮೊರಿ ಕೂಡ ಕಾರಣವಾಗಿರಬಹುದು. ಆದರೆ ಮೌಸ್‌ನ ಬಾಣ ತಾನಾಗಿ ಓಡಾಡುವುದು, ಆ್ಯಂಟಿವೈರಸ್ ತಾನೇ ಆಫ್ ಆಗಿರುವುದು, ನೀವು ಹಾಕದ ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ದೂರನಿಯಂತ್ರಣದ ಆ್ಯಪ್ ಕಾಣಿಸುವುದು, ನಿಮ್ಮ ಖಾತೆಯಿಂದ ನೀವು ಕಳಿಸದ ಮೇಲ್ ಹೋಗುವುದು ಗಂಭೀರ ಲಕ್ಷಣಗಳು.

‘ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ, ಈ ನಂಬರ್‌ಗೆ ಕರೆ ಮಾಡಿ’ ಎಂದು ಪರದೆ ತುಂಬ ಎಚ್ಚರಿಕೆ ಬಂದರೆ ಅದು ಬಲೆ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಕರೆ ಮಾಡಬೇಡಿ, ಬ್ರೌಸರ್ ಮುಚ್ಚಿ.

ಸರಿಯಾದ ಕ್ರಮ ಯಾವುದು?

1. ಮೊದಲು ವೈಫೈ ಆಫ್ ಮಾಡಿ, ಇಂಟರ್‌ನೆಟ್ ಕೇಬಲ್ ಕಿತ್ತುಬಿಡಿ. ಹ್ಯಾಕರ್‌ಗೆ ಇರುವ ದಾರಿ ಅದೊಂದೇ.

2. ಪರದೆಯ ಮೇಲೆ ಕಾಣುವುದನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ದೂರು ಕೊಡುವಾಗ ಅದೇ ಸಾಕ್ಷಿ.

3. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಕೈಯಿಂದ ಕೈಗೆ ದಾಟುವ ಮೊದಲೇ ತಡೆಯಲು ಇದೇ ದಾರಿ. ಬಳಿಕ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ಜಿಲ್ಲೆಯ ಸಿಇಎನ್ ಠಾಣೆಯಲ್ಲಿ ದೂರು ಕೊಡಿ.

4. ಈಗ ಪಾಸ್‌ವರ್ಡ್ ಬದಲಿಸಿ, ಆದರೆ ಬೇರೆ ಮೊಬೈಲ್ ಅಥವಾ ಕಂಪ್ಯೂಟರ್‌ನಿಂದ. ಮೊದಲು ಇಮೇಲ್, ನಂತರ ಬ್ಯಾಂಕ್, ಆಮೇಲೆ ಉಳಿದವು. ಇಮೇಲ್ ಕೈತಪ್ಪಿದರೆ ಅದರ ಮೂಲಕ ಉಳಿದೆಲ್ಲ ಪಾಸ್‌ವರ್ಡ್‌ಗಳನ್ನೂ ಬದಲಿಸಬಹುದು. ‘ಎಲ್ಲ ಸಾಧನಗಳಿಂದ ಲಾಗ್ ಔಟ್’ ಆಯ್ಕೆ ಒತ್ತಿ. ಎರಡು ಹಂತದ ಪರಿಶೀಲನೆ ಆನ್ ಮಾಡಿ. ನಿಮ್ಮ ಮೇಲ್ ಬೇರೆ ವಿಳಾಸಕ್ಕೆ ಫಾರ್ವರ್ಡ್ ಆಗುತ್ತಿದೆಯೇ ಎಂದೂ ನೋಡಿ.

5. ಕೊನೆಗೆ ಶುಚಿ ಕೆಲಸ. ವಿಂಡೋಸ್‌ನ ಡಿಫೆಂಡರ್‌ನಲ್ಲಿ ‘ಆಫ್‌ಲೈನ್ ಸ್ಕ್ಯಾನ್’ ಇದೆ. ವಿಂಡೋಸ್ ಪೂರ್ತಿ ಶುರುವಾಗುವ ಮೊದಲೇ ಹುಡುಕುವುದರಿಂದ ಅಡಗಿರುವ ಕುತಂತ್ರಾಂಶವೂ ಸಿಗಬಹುದು. ಅನುಮಾನ ಉಳಿದರೆ ಫೋಟೊ, ಕಡತಗಳನ್ನು ಮಾತ್ರ ಉಳಿಸಿಕೊಂಡು ವಿಂಡೋಸ್ ಹೊಸದಾಗಿ ಹಾಕಿಸಿ. ಹಳೆಯ ಸಾಫ್ಟ್‌ವೇರ್ ಫೈಲ್‌ಗಳನ್ನು ನಕಲು ಮಾಡಬೇಡಿ.

ಫಾರ್ಮ್ಯಾಟ್ ಮಾಡಿದರೆ ಸಾಲದೇ?

ಸಾಲದು. ಫಾರ್ಮ್ಯಾಟ್‌ನಿಂದ ಕಂಪ್ಯೂಟರ್ ಶುಚಿಯಾಗುತ್ತದೆ, ಆದರೆ ಈಗಾಗಲೇ ಕದ್ದ ಪಾಸ್‌ವರ್ಡ್ ಹ್ಯಾಕರ್ ಬಳಿಯೇ ಉಳಿಯುತ್ತದೆ. ಅವಸರದಲ್ಲಿ ಮಾಡಿದರೆ ಸಾಕ್ಷಿಯೂ ಅಳಿಸಿಹೋಗುತ್ತದೆ.

ಇದು ಬರುವುದು ಎಲ್ಲಿಂದ?

ಹೆಚ್ಚಿನ ಸಲ ನಾವೇ ಬಾಗಿಲು ತೆರೆದಿರುತ್ತೇವೆ: ಪುಕ್ಕಟೆ ಸಿಗುವ ಕ್ರ್ಯಾಕ್ ಸಾಫ್ಟ್‌ವೇರ್, ಅಪರಿಚಿತರು ಕಳಿಸಿದ ಫೈಲ್, ಪಾರ್ಟ್‌ಟೈಮ್ ಕೆಲಸದ ಆಮಿಷ. 2025ರ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್ ಎಂಬ ಕ್ರಿಪ್ಟೊ ಸಂಸ್ಥೆ ಸುಮಾರು 379 ಕೋಟಿ ರೂಪಾಯಿ ಕಳೆದುಕೊಂಡಿತು. ಪಾರ್ಟ್‌ಟೈಮ್ ಕೆಲಸದ ನೆಪದಲ್ಲಿ ಉದ್ಯೋಗಿಯೊಬ್ಬರ ಲ್ಯಾಪ್‌ಟಾಪ್‌ಗೆ ಕುತಂತ್ರಾಂಶ ಸೇರಿತ್ತು ಎಂದು ಬೆಂಗಳೂರು ಪೊಲೀಸರು ಶಂಕಿಸಿದ್ದರು. ತಂತ್ರಜ್ಞಾನ ಬಲ್ಲವರೂ ಬಲೆಗೆ ಬೀಳುತ್ತಾರೆ. ಹಾಗಾಗಿ ಹ್ಯಾಕ್ ಆದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ಮುಚ್ಚಿಟ್ಟ ಪ್ರತಿ ಗಂಟೆಯೂ ಕಳ್ಳನಿಗೇ ಲಾಭ.

ನೆನಪಿಡಬೇಕಾದದ್ದು ಇಷ್ಟೇ: ನೆಟ್ ಕಡಿಯಿರಿ, ಫೋಟೊ ತೆಗೆಯಿರಿ, ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ, ಬೇರೆ ಸಾಧನದಿಂದ ಪಾಸ್‌ವರ್ಡ್ ಬದಲಿಸಿ, ಕೊನೆಗೆ ಶುಚಿಗೊಳಿಸಿ. ನಿಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಫಾರ್ವರ್ಡ್ ಮಾಡುವುದಾದರೆ ಈ ಕ್ರಮವನ್ನೇ ಮಾಡಿ.