ಮುಖದ ಮಾಯಿಶ್ಚರೈಸರ್‌ಗಳ ಘಟಕಾಂಶಗಳು

ಮುಖದ ಮಾಯಿಶ್ಚರೈಸರ್ ಎಂಬುದು ಮುಖದ ಚರ್ಮದ ಹೊರಪದರದಲ್ಲಿ ನೀರಿನ ಅಂಶವನ್ನು ಉಳಿಸಲು ಅಥವಾ ಹೆಚ್ಚಿಸಲು ಹಚ್ಚುವ ಲೇಪನ. ಇದನ್ನು ತೇವಕಾರಕ ಎಂದೂ ಕರೆಯಬಹುದು. ಕ್ರೀಮ್, ಲೋಷನ್, ಜೆಲ್ ಮತ್ತು ಮುಲಾಮು ಇದರ ಸಾಮಾನ್ಯ ರೂಪಗಳು. ಮಾರುಕಟ್ಟೆಯಲ್ಲಿ ದೊರೆಯುವ ಉತ್ಪನ್ನಗಳ ಹೆಸರು, ಬೆಲೆ ಮತ್ತು ಪರಿಮಳಗಳು ಬೇರೆಬೇರೆಯಾಗಿದ್ದರೂ ಅವುಗಳಲ್ಲಿ ಕೆಲಸ ಮಾಡುವ ವಸ್ತುಗಳು ಮುಖ್ಯವಾಗಿ ಮೂರು ಗುಂಪುಗಳಿಗೆ ಸೇರುತ್ತವೆ: ನೀರನ್ನು ಸೆಳೆದು ಹಿಡಿಯುವ ಜಲಾಕರ್ಷಕಗಳು, ಒರಟುತನವನ್ನು ತಗ್ಗಿಸುವ ಮೃದುಕಾರಿಗಳು ಹಾಗೂ ನೀರು ಆವಿಯಾಗುವುದನ್ನು ತಡೆಯುವ ಆವರಕಗಳು. ಒಂದು ಕ್ರೀಮಿಗೂ ಇನ್ನೊಂದು ಕ್ರೀಮಿಗೂ ಇರುವ ಮುಖ್ಯ ವ್ಯತ್ಯಾಸವು ಈ ಮೂರರ ಪ್ರಮಾಣದಲ್ಲಿಯೂ, ಅವುಗಳೊಂದಿಗೆ ಸೇರಿಸಿದ ಸಂರಕ್ಷಕ ಮತ್ತು ಸುಗಂಧದ್ರವ್ಯಗಳಲ್ಲಿಯೂ ಇರುತ್ತದೆ. ಈ ವ್ಯತ್ಯಾಸವನ್ನು ಡಬ್ಬಿಯ ಹಿಂಭಾಗದಲ್ಲಿ ಮುದ್ರಿಸಿದ ಪಟ್ಟಿಯಿಂದ ಬಹುಮಟ್ಟಿಗೆ ತಿಳಿಯಬಹುದು.

ಚರ್ಮ ಮತ್ತು ನೀರು

ಚರ್ಮದ ಅತ್ಯಂತ ಹೊರಗಿನ ಪದರಕ್ಕೆ ಸ್ಟ್ರೇಟಮ್ ಕಾರ್ನಿಯಮ್ ಎಂದು ಹೆಸರು. ಮುಖದ ಮೇಲೆ ಇದು ಕಾಗದಕ್ಕಿಂತಲೂ ತೆಳುವಾಗಿರುತ್ತದೆ. ಇದರ ರಚನೆಯನ್ನು ಇಟ್ಟಿಗೆಯ ಗೋಡೆಗೆ ಹೋಲಿಸುವ ರೂಢಿಯಿದೆ. ಈ ಹೋಲಿಕೆಯನ್ನು ಪ್ರಚಾರಕ್ಕೆ ತಂದವರು ಅಮೆರಿಕದ ಚರ್ಮವಿಜ್ಞಾನಿ ಪೀಟರ್ ಎಲಿಯಾಸ್. ಇಲ್ಲಿ ಚಪ್ಪಟೆಯಾದ ನಿರ್ಜೀವ ಕೋಶಗಳೇ ಇಟ್ಟಿಗೆಗಳು. ಅವುಗಳ ನಡುವಿನ ಕೊಬ್ಬಿನಂಶವೇ ಗಾರೆ. ಈ ಗಾರೆಯಲ್ಲಿ ಸೆರಾಮೈಡ್‌ಗಳು, ಕೊಲೆಸ್ಟರಾಲ್ ಮತ್ತು ಮುಕ್ತ ಕೊಬ್ಬಿನ ಆಮ್ಲಗಳಿರುತ್ತವೆ. ತೂಕದಲ್ಲಿ ಸುಮಾರು ಅರ್ಧದಷ್ಟು ಸೆರಾಮೈಡ್‌ಗಳೇ ಆಗಿರುತ್ತವೆ.

ಕೋಶಗಳ ಒಳಗೆ ಅಮೈನೋ ಆಮ್ಲಗಳು, ಯೂರಿಯಾ, ಲ್ಯಾಕ್ಟೇಟ್ ಮೊದಲಾದ ನೀರು ಹಿಡಿಯುವ ವಸ್ತುಗಳಿವೆ. ಇವನ್ನು ಒಟ್ಟಾಗಿ ನೈಸರ್ಗಿಕ ತೇವಾಂಶ ಘಟಕ ಎನ್ನುತ್ತಾರೆ. ಇವುಗಳಲ್ಲಿ ಹೆಚ್ಚಿನವು ಫಿಲಾಗ್ರಿನ್ ಎಂಬ ಪ್ರೋಟೀನ್ ವಿಭಜನೆಗೊಂಡಾಗ ಉಂಟಾಗುತ್ತವೆ. ಫಿಲಾಗ್ರಿನ್ ವಂಶವಾಹಿಯಲ್ಲಿ ದೋಷವಿರುವವರಲ್ಲಿ ಒಣಚರ್ಮ ಮತ್ತು ಅಟೋಪಿಕ್ ಎಕ್ಸಿಮಾ ಹೆಚ್ಚಾಗಿ ಕಂಡುಬರುತ್ತವೆ ಎಂಬುದು 2006ರಲ್ಲಿ ತಿಳಿದುಬಂದಿತು. ಅಂಥವರಿಗೆ ತೇವಕಾರಕವು ಅಲಂಕಾರ ಸಾಮಗ್ರಿಯಲ್ಲ, ಚಿಕಿತ್ಸೆಯ ಭಾಗ.

ಚರ್ಮದ ಮೂಲಕ ನೀರು ಸದಾ ಆವಿಯಾಗುತ್ತಲೇ ಇರುತ್ತದೆ. ಪದೇಪದೇ ಸೋಪು ಬಳಸುವುದು, ಬಿಸಿನೀರು, ಒಣಗಾಳಿ, ಹವಾನಿಯಂತ್ರಿತ ಕೊಠಡಿ ಮತ್ತು ವಯಸ್ಸು ಈ ನಷ್ಟವನ್ನು ಹೆಚ್ಚಿಸುತ್ತವೆ ಅಥವಾ ಚರ್ಮವು ನೀರನ್ನು ಹಿಡಿದಿಡುವ ಶಕ್ತಿಯನ್ನು ಕುಗ್ಗಿಸುತ್ತವೆ. ಆಗ ಚರ್ಮವು ಬಿಗಿಯಾಗಿ, ಹೊಟ್ಟೆದ್ದು, ಬಿರಿಯುತ್ತದೆ.

ಇತಿಹಾಸ

ಕ್ರಿ. ಶ. ಎರಡನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್ ಜೇನುಮೇಣ, ಆಲಿವ್ ಎಣ್ಣೆ ಮತ್ತು ಗುಲಾಬಿ ನೀರಿನಿಂದ ತಯಾರಿಸಿದನೆಂದು ಹೇಳಲಾಗುವ ಲೇಪನವು ಇಂದಿನ ಕೋಲ್ಡ್ ಕ್ರೀಮಿನ ಪೂರ್ವಜ. ಅದರಲ್ಲಿನ ನೀರು ಆವಿಯಾಗುವಾಗ ಚರ್ಮಕ್ಕೆ ತಂಪೆನಿಸುವುದರಿಂದ ಈ ಹೆಸರು ಬಂದಿದೆ.

1779ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಕಾರ್ಲ್ ವಿಲ್‌ಹೆಲ್ಮ್ ಶೀಲೆ ಆಲಿವ್ ಎಣ್ಣೆಯನ್ನು ಸೀಸದ ಆಕ್ಸೈಡಿನೊಂದಿಗೆ ಕಾಯಿಸಿ ಗ್ಲಿಸರಿನ್ ಪಡೆದನು. ಮುಂದೆ ಸೋಪಿನ ಉದ್ಯಮದ ಉಪೋತ್ಪನ್ನವಾಗಿ ಇದು ಅಗ್ಗವಾಗಿ ದೊರೆಯಿತು. 1872ರಲ್ಲಿ ರಾಬರ್ಟ್ ಚೀಸ್‌ಬ್ರೋ ಅಮೆರಿಕದಲ್ಲಿ ವ್ಯಾಸಲೀನ್‌ಗೆ ಪೇಟೆಂಟ್ ಪಡೆದನು. ಜರ್ಮನಿಯಲ್ಲಿ ಕುರಿಯ ಉಣ್ಣೆಯ ಮೇಣದಿಂದ ಪಡೆದ ಯೂಸೆರಿಟ್ ಎಂಬ ವಸ್ತುವು ನೀರು ಮತ್ತು ಎಣ್ಣೆಗಳನ್ನು ಬೇರೆಯಾಗದಂತೆ ಹಿಡಿದಿಡಲು ನೆರವಾಯಿತು. ಅದನ್ನು ಆಧರಿಸಿದ ನಿವಿಯಾ ಕ್ರೀಮ್ 1911ರಲ್ಲಿ ಮಾರುಕಟ್ಟೆಗೆ ಬಂದಿತು. ಇದೇ ಕಾಲದಲ್ಲಿ ಸ್ಟಿಯರಿಕ್ ಆಮ್ಲದಿಂದ ತಯಾರಾದ, ಜಿಡ್ಡು ಉಳಿಸದ ವ್ಯಾನಿಷಿಂಗ್ ಕ್ರೀಮ್‌ಗಳೂ ಜನಪ್ರಿಯವಾದವು. ಭಾರತದ ಹಿರಿಯ ತಲೆಮಾರಿನವರು ಇವನ್ನು ‘ಸ್ನೋ’ ಎಂಬ ಹೆಸರಿನಿಂದ ಬಲ್ಲರು.

1952ರಲ್ಲಿ ಅಮೆರಿಕದ ಸಂಶೋಧಕ ಇರ್ವಿನ್ ಬ್ಲ್ಯಾಂಕ್ ಚರ್ಮದ ಹೊರಪದರವನ್ನು ಮೃದುವಾಗಿಡುವುದು ಎಣ್ಣೆಯಲ್ಲ, ನೀರು ಎಂದು ತೋರಿಸಿದರು. ಒಣಗಿದ ತುಣುಕುಗಳನ್ನು ಎಣ್ಣೆಯಲ್ಲಿ ನೆನೆಸಿದರೂ ಅವು ಮೃದುವಾಗಲಿಲ್ಲ. ನೀರನ್ನು ಹೀರಿಕೊಂಡಾಗ ಮಾತ್ರ ಮೃದುವಾದವು. ಎಣ್ಣೆಯ ಉಪಯೋಗವಿರುವುದು ಇದ್ದ ನೀರನ್ನು ಕಾಯುವುದರಲ್ಲಿ ಎಂಬ ಇಂದಿನ ತಿಳಿವಳಿಕೆಗೆ ಈ ಪ್ರಯೋಗವು ಆಧಾರವಾಯಿತು.

ಮುಖ್ಯ ಘಟಕಾಂಶಗಳ ಹೋಲಿಕೆ

ಜಲಾಕರ್ಷಕಗಳು

ಇವು ನೀರಿನ ಅಣುಗಳನ್ನು ಸೆಳೆದು ಹೊರಪದರದಲ್ಲಿ ಹಿಡಿದಿಡುತ್ತವೆ.

• ಗ್ಲಿಸರಿನ್: ಅಗ್ಗವಾದ, ದೀರ್ಘಕಾಲದ ಬಳಕೆಯಿಂದ ಪರೀಕ್ಷಿತವಾದ ವಸ್ತು. ಕ್ರೀಮಿನಲ್ಲಿ ಬಹಳ ಹೆಚ್ಚಾದರೆ ಅಂಟಂಟಾಗುತ್ತದೆ.
• ಹಯಲುರಾನಿಕ್ ಆಮ್ಲ: 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ಹಸುವಿನ ಕಣ್ಣಿನಿಂದ ಬೇರ್ಪಡಿಸಿದರು. ಇದರ ದೊಡ್ಡ ಅಣುಗಳು ಚರ್ಮದ ಒಳಗಿಳಿಯದೆ ಮೇಲ್ಭಾಗದಲ್ಲಿಯೇ ಉಳಿಯುತ್ತವೆ. ಗ್ಲಿಸರಿನ್‌ಗಿಂತ ಬೆಲೆ ಹೆಚ್ಚು.
• ಯೂರಿಯಾ: ಕಡಿಮೆ ಪ್ರಮಾಣದಲ್ಲಿ ತೇವ ನೀಡುತ್ತದೆ, ಶೇ. 20 ಅಥವಾ ಅದಕ್ಕಿಂತ ಹೆಚ್ಚಿದ್ದಾಗ ದಪ್ಪಗಟ್ಟಿದ ಚರ್ಮವನ್ನು ಸಡಿಲಿಸುತ್ತದೆ. ಆದುದರಿಂದ ಹಿಮ್ಮಡಿಯ ಕ್ರೀಮನ್ನು ಮುಖಕ್ಕೆ ಹಚ್ಚುವುದು ಸೂಕ್ತವಲ್ಲ. ಬಿರಿದ ಚರ್ಮದ ಮೇಲೆ ಯೂರಿಯಾ ಉರಿಯುಂಟುಮಾಡಬಹುದು.

ಗಾಳಿಯಲ್ಲಿ ತೇವಾಂಶ ಬಹಳ ಕಡಿಮೆಯಿದ್ದಾಗ ಜಲಾಕರ್ಷಕಗಳು ಚರ್ಮದ ಒಳಪದರಗಳಿಂದಲೇ ನೀರನ್ನು ಸೆಳೆಯಬಹುದು. ಆ ನೀರು ಬಳಿಕ ಗಾಳಿಗೆ ಸೇರಿಹೋಗುತ್ತದೆ. ಹೀಗಾಗಿ ಒಣಹವೆಯಲ್ಲಿ ಇವುಗಳ ಮೇಲೆ ಆವರಕದ ಪದರವೊಂದು ಅಗತ್ಯ.

ಮೃದುಕಾರಿಗಳು

ಇವು ಹೊಟ್ಟೆದ್ದ ಕೋಶಗಳ ನಡುವಿನ ಸಂದುಗಳನ್ನು ತುಂಬಿ ಮೇಲ್ಮೈಯನ್ನು ನಯಗೊಳಿಸುತ್ತವೆ. ಸ್ಕ್ವಾಲೇನ್, ಸಸ್ಯಜನ್ಯ ಎಣ್ಣೆಗಳು, ಸೀಟೈಲ್ ಆಲ್ಕೊಹಾಲ್ ಮತ್ತು ಸ್ಟಿಯರೈಲ್ ಆಲ್ಕೊಹಾಲ್ ಈ ಗುಂಪಿನವು. ಕೊನೆಯ ಎರಡರ ಹೆಸರಿನಲ್ಲಿ ಆಲ್ಕೊಹಾಲ್ ಎಂಬ ಪದವಿದ್ದರೂ ಇವು ಮೇಣದಂತಹ ಘನವಸ್ತುಗಳು, ಚರ್ಮವನ್ನು ಒಣಗಿಸುವುದಿಲ್ಲ. ಒಣಗಿಸುವ ಗುಣವಿರುವುದು ಬೇಗನೆ ಆವಿಯಾಗುವ ಎಥನಾಲ್‌ಗೆ. ಪಟ್ಟಿಯಲ್ಲಿ ಇದು ಸಾಮಾನ್ಯವಾಗಿ ಡಿನೇಚರ್ಡ್ ಆಲ್ಕೊಹಾಲ್ ಎಂದು ನಮೂದಾಗಿರುತ್ತದೆ.

ಆವರಕಗಳು

ಇವು ಚರ್ಮದ ಮೇಲೆ ತೆಳುಪೊರೆಯಂತೆ ಹರಡಿ ನೀರಿನ ನಷ್ಟವನ್ನು ತಗ್ಗಿಸುತ್ತವೆ. ಈ ಕೆಲಸದಲ್ಲಿ ಪೆಟ್ರೋಲೇಟಮ್, ಅಂದರೆ ಪೆಟ್ರೋಲಿಯಂ ಜೆಲ್ಲಿ, ಅತ್ಯಂತ ಪರಿಣಾಮಕಾರಿಯಾದುದು. ಆದರೆ ಜಿಡ್ಡು ಹೆಚ್ಚು. ಡೈಮೆಥಿಕೋನ್ ಎಂಬ ಸಿಲಿಕೋನ್ ಅಷ್ಟು ಬಲವಾಗಿ ತಡೆಯದಿದ್ದರೂ ಹಗುರವಾಗಿದ್ದು ಎಣ್ಣೆಮುಖದವರಿಗೆ ಹೊಂದುತ್ತದೆ. ಲ್ಯಾನೊಲಿನ್ ಉತ್ತಮ ಆವರಕವಾದರೂ ಕೆಲವರಿಗೆ ಅಲರ್ಜಿ ಉಂಟುಮಾಡುತ್ತದೆ. ಪೆಟ್ರೋಲಿಯಂ ಮೂಲದ್ದೆಂಬ ಕಾರಣಕ್ಕೆ ಪೆಟ್ರೋಲೇಟಮ್ ಬಗ್ಗೆ ಅಂಜಿಕೆಯಿದೆ. ಸರಿಯಾಗಿ ಶುದ್ಧೀಕರಿಸದ ಪೆಟ್ರೋಲೇಟಮ್‌ನಲ್ಲಿ ಹಾನಿಕರ ಹೈಡ್ರೋಕಾರ್ಬನ್‌ಗಳಿರಬಹುದೆಂಬುದು ನಿಜ. ಔಷಧ ದರ್ಜೆಯ ಶುದ್ಧ ಪೆಟ್ರೋಲೇಟಮ್‌ನಿಂದ ಅಲರ್ಜಿಯಾಗುವುದು ಬಹಳ ವಿರಳ.

ಚರ್ಮದ ತಡೆಗೋಡೆಗೆ ನೆರವಾಗುವ ವಸ್ತುಗಳು

ಸೆರಾಮೈಡ್‌ಗಳನ್ನು ಕೊಲೆಸ್ಟರಾಲ್ ಮತ್ತು ಕೊಬ್ಬಿನ ಆಮ್ಲಗಳೊಂದಿಗೆ ಸೇರಿಸಿದ ಕ್ರೀಮ್‌ಗಳು ಮೇಲೆ ಹೇಳಿದ ಗಾರೆಯನ್ನು ಭರ್ತಿಮಾಡುವ ಉದ್ದೇಶದವು. ನಯಾಸಿನಮೈಡ್ ಎಂಬುದು ಬಿ3 ಜೀವಸತ್ವದ ಒಂದು ರೂಪ. ಚರ್ಮವು ತಾನೇ ಹೆಚ್ಚು ಸೆರಾಮೈಡ್ ತಯಾರಿಸಲು ಇದು ನೆರವಾಗುತ್ತದೆ. ಸಾಮಾನ್ಯವಾಗಿ ಶೇ. 2ರಿಂದ 5ರಷ್ಟು ಬಳಸಲಾಗುತ್ತದೆ.

ಸಸ್ಯಜನ್ಯ ಎಣ್ಣೆಗಳು

ನೈಸರ್ಗಿಕವಾದ ಎಣ್ಣೆಗಳೆಲ್ಲವೂ ಚರ್ಮದ ಮೇಲೆ ಒಂದೇ ರೀತಿ ವರ್ತಿಸುವುದಿಲ್ಲ. 2004ರಲ್ಲಿ ಪ್ರಕಟವಾದ ಫಿಲಿಪ್ಪೀನ್ಸ್‌ನ ಅಧ್ಯಯನವೊಂದರಲ್ಲಿ ಒಣಚರ್ಮದವರಿಗೆ ಕೊಬ್ಬರಿ ಎಣ್ಣೆಯು ಖನಿಜ ಎಣ್ಣೆಯಷ್ಟೇ ಗುಣ ನೀಡಿತು. ಇದಕ್ಕೆ ವ್ಯತಿರಿಕ್ತವಾಗಿ, ಓಲಿಯಿಕ್ ಆಮ್ಲ ಹೆಚ್ಚಿರುವ ಆಲಿವ್ ಎಣ್ಣೆಯು ಚರ್ಮದ ತಡೆಗೋಡೆಯನ್ನು ದುರ್ಬಲಗೊಳಿಸಿತೆಂದು 2013ರ ಬ್ರಿಟಿಷ್ ಅಧ್ಯಯನವು ತಿಳಿಸಿತು. ಮೊಡವೆಯ ಪ್ರವೃತ್ತಿಯಿರುವ ಮುಖಕ್ಕೆ ಕೊಬ್ಬರಿ ಎಣ್ಣೆಯೂ ಒಗ್ಗದಿರಬಹುದು.

ಪಶ್ಚಿಮ ಘಟ್ಟಗಳ ಮುರುಗಲು ಮರದ ಬೀಜದಿಂದ ತೆಗೆಯುವ ಮುರುಗಲ ತುಪ್ಪವನ್ನು ಉತ್ತರ ಕನ್ನಡ ಮತ್ತು ಮಲೆನಾಡಿನ ಮನೆಗಳಲ್ಲಿ ಒಡೆದ ತುಟಿ ಹಾಗೂ ಹಿಮ್ಮಡಿಗೆ ಹಚ್ಚುವ ವಾಡಿಕೆಯಿದೆ. ಸ್ಟಿಯರಿಕ್ ಆಮ್ಲ ಹೆಚ್ಚಾಗಿರುವುದರಿಂದ ಇದು ಸಾಮಾನ್ಯ ಉಷ್ಣತೆಯಲ್ಲಿ ಗಟ್ಟಿಯಾಗಿರುತ್ತದೆ. ಇಂದು ಇದು ಕೋಕಮ್ ಬಟರ್ ಎಂಬ ಹೆಸರಿನಲ್ಲಿ ಕ್ರೀಮ್‌ಗಳಲ್ಲಿಯೂ ಬಳಕೆಯಾಗುತ್ತಿದೆ.

ಸಂರಕ್ಷಕಗಳು ಮತ್ತು ಸುಗಂಧ

ನೀರಿರುವ ಕ್ರೀಮಿನಲ್ಲಿ ಬ್ಯಾಕ್ಟೀರಿಯಾ ಮತ್ತು ಬೂಷ್ಟು ಬೆಳೆಯುತ್ತವೆ. ಆದುದರಿಂದ ಸಂರಕ್ಷಕವಿಲ್ಲದ ಕ್ರೀಮ್ ಹೆಚ್ಚು ಸುರಕ್ಷಿತ ಎಂಬ ಭಾವನೆ ಸರಿಯಲ್ಲ. ಪ್ಯಾರಾಬೆನ್‌ಗಳ ಬಗ್ಗೆ ಬಹಳ ಚರ್ಚೆ ನಡೆದಿದ್ದು, ಯುರೋಪಿಯನ್ ಒಕ್ಕೂಟವು ಕೆಲವನ್ನು ನಿಷೇಧಿಸಿ, ಉಳಿದವಕ್ಕೆ ಮಿತಿ ವಿಧಿಸಿದೆ. ಆದರೆ ಅಲರ್ಜಿಯ ದೃಷ್ಟಿಯಿಂದ ಇವು ಅತ್ಯಂತ ಕಡಿಮೆ ತೊಂದರೆ ಕೊಡುವ ಸಂರಕ್ಷಕಗಳ ಸಾಲಿಗೆ ಸೇರುತ್ತವೆ. ಇವುಗಳ ಬದಲಿಗೆ ಬಂದ ವಸ್ತುಗಳಲ್ಲಿ ಒಂದಾದ ಮಿಥೈಲ್‌ಐಸೊಥಯಾಜೊಲಿನೋನ್ ಹಲವು ದೇಶಗಳಲ್ಲಿ ಅನೇಕರಿಗೆ ಚರ್ಮದ ಅಲರ್ಜಿ ಉಂಟುಮಾಡಿತು. ತೊಳೆಯದೆ ಚರ್ಮದ ಮೇಲೆ ಉಳಿಸುವ ಪ್ರಸಾಧನಗಳಲ್ಲಿ ಇದರ ಬಳಕೆಯನ್ನು ಯುರೋಪಿಯನ್ ಒಕ್ಕೂಟವು 2017ರಿಂದ ನಿಷೇಧಿಸಿತು.

ಪ್ರಸಾಧನಗಳಿಂದ ಉಂಟಾಗುವ ಅಲರ್ಜಿಗೆ ಸುಗಂಧದ್ರವ್ಯಗಳು ಪ್ರಮುಖ ಕಾರಣಗಳಲ್ಲಿ ಒಂದು. ಪಟ್ಟಿಯಲ್ಲಿ ಪರ್ಫ್ಯೂಮ್ ಅಥವಾ ಫ್ರಾಗ್ರೆನ್ಸ್ ಎಂಬ ಒಂದೇ ಪದದಲ್ಲಿ ಹಲವಾರು ರಾಸಾಯನಿಕಗಳು ಅಡಕವಾಗಿರಬಹುದು. ನಿಂಬೆ, ಲ್ಯಾವೆಂಡರ್ ಮೊದಲಾದ ಸಸ್ಯಜನ್ಯ ಸುಗಂಧತೈಲಗಳಿಗೂ ಈ ಮಾತು ಅನ್ವಯಿಸುತ್ತದೆ.

ಪಟ್ಟಿಯನ್ನು ಓದುವ ಕ್ರಮ

ಭಾರತದ ಪ್ರಸಾಧನ ನಿಯಮಗಳು, 2020ರ ಪ್ರಕಾರ ಶೇ. 1ಕ್ಕಿಂತ ಹೆಚ್ಚಿರುವ ಘಟಕಾಂಶಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕು, ಶೇ. 1 ಅಥವಾ ಅದಕ್ಕಿಂತ ಕಡಿಮೆಯಿರುವವನ್ನು ಅವುಗಳ ನಂತರ ಯಾವುದೇ ಕ್ರಮದಲ್ಲಿ ಬರೆಯಬಹುದು. ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕಕ್ಕೆ ಶೇ. 1ರ ಮಿತಿಯಿರುವುದರಿಂದ, ಅದರ ನಂತರ ನಮೂದಾದ ವಸ್ತುಗಳೂ ಶೇ. 1ನ್ನು ಮೀರುವುದಿಲ್ಲ ಎಂದು ಊಹಿಸಬಹುದು.

ಉದಾಹರಣೆಗಾಗಿ ರಚಿಸಿದ ಎರಡು ಪಟ್ಟಿಗಳನ್ನು ಹೋಲಿಸಬಹುದು:

• ಮೊದಲನೆಯದು: ನೀರು, ಗ್ಲಿಸರಿನ್, ಪೆಟ್ರೋಲೇಟಮ್, ಸೀಟೈಲ್ ಆಲ್ಕೊಹಾಲ್, ಡೈಮೆಥಿಕೋನ್, ಫಿನಾಕ್ಸಿಎಥನಾಲ್, ಸೆರಾಮೈಡ್.
• ಎರಡನೆಯದು: ನೀರು, ಡಿನೇಚರ್ಡ್ ಆಲ್ಕೊಹಾಲ್, ಗ್ಲಿಸರಿನ್, ಡೈಮೆಥಿಕೋನ್, ಫಿನಾಕ್ಸಿಎಥನಾಲ್, ಪರ್ಫ್ಯೂಮ್, ಕೇಸರಿ ಸಾರ.

ಮೊದಲನೆಯದರಲ್ಲಿ ಮೂರೂ ಗುಂಪುಗಳಿದ್ದು, ಸುಗಂಧವಿಲ್ಲ. ಇದು ಒಣಚರ್ಮಕ್ಕೆ ಹೊಂದುತ್ತದೆ. ಎರಡನೆಯದು ಹಗುರ, ಎಣ್ಣೆಮುಖಕ್ಕೆ ಹಿತವೆನಿಸಬಹುದು. ಆದರೆ ಸೂಕ್ಷ್ಮ ಚರ್ಮಕ್ಕೆ ಇದರ ಆಲ್ಕೊಹಾಲ್ ಮತ್ತು ಸುಗಂಧ ಒಗ್ಗದಿರಬಹುದು. ಡಬ್ಬಿಯ ಮುಂಭಾಗದಲ್ಲಿ ದೊಡ್ಡದಾಗಿ ಕೇಸರಿಯ ಚಿತ್ರವಿದ್ದರೂ ಅದರ ಪ್ರಮಾಣ ಅತ್ಯಲ್ಪ. ಹಾಗೆಂದು ಕೊನೆಯಲ್ಲಿ ಬಂದುದೆಲ್ಲ ನಿಷ್ಪ್ರಯೋಜಕವೆಂದು ಭಾವಿಸಬಾರದು. ಸೆರಾಮೈಡ್ ಮತ್ತು ಹಯಲುರಾನಿಕ್ ಆಮ್ಲಗಳನ್ನು ಅಲ್ಪ ಪ್ರಮಾಣದಲ್ಲಿಯೇ ಬಳಸುವ ರೂಢಿಯಿದೆ.

ಮೊಡವೆ ತಾರದು ಎಂಬ ಅರ್ಥದ ನಾನ್-ಕಾಮೆಡೋಜೆನಿಕ್, ಅಲರ್ಜಿ ಕಡಿಮೆ ಎಂಬ ಅರ್ಥದ ಹೈಪೋಅಲರ್ಜೆನಿಕ್ ಮೊದಲಾದ ಪದಗಳಿಗೆ ಎಲ್ಲೆಡೆಯೂ ಒಪ್ಪಿತವಾದ ಒಂದೇ ಮಾನದಂಡವಿಲ್ಲ.

ಆಯ್ಕೆ ಮತ್ತು ಬಳಕೆ

ಒಣಚರ್ಮಕ್ಕೆ ಆವರಕ ಹೆಚ್ಚಿರುವ ಕ್ರೀಮ್, ಎಣ್ಣೆಚರ್ಮಕ್ಕೆ ಗ್ಲಿಸರಿನ್ ಮತ್ತು ಡೈಮೆಥಿಕೋನ್ ಇರುವ ಜೆಲ್ ಅಥವಾ ಲೋಷನ್, ಸೂಕ್ಷ್ಮ ಚರ್ಮಕ್ಕೆ ಘಟಕಾಂಶಗಳು ಕಡಿಮೆಯಿರುವ ಸುಗಂಧರಹಿತ ಕ್ರೀಮ್ ಸೂಕ್ತ. ಹವೆಯೂ ಮುಖ್ಯ: ಕರಾವಳಿಯ ತೇವದ ಗಾಳಿಯಲ್ಲಿ ಸಾಕೆನಿಸುವ ಜೆಲ್, ಬಯಲುಸೀಮೆಯ ಚಳಿಗಾಲದ ಒಣಗಾಳಿಯಲ್ಲಿ ಸಾಲದೆ ಹೋಗಬಹುದು. ಮುಖ ತೊಳೆದು, ಒತ್ತಿ ಒರೆಸಿ, ಚರ್ಮವು ಇನ್ನೂ ತುಸು ಒದ್ದೆಯಾಗಿರುವಾಗಲೇ ಹಚ್ಚಿದರೆ ಹೆಚ್ಚು ನೀರು ಉಳಿಯುತ್ತದೆ. ಹೊಸ ಕ್ರೀಮನ್ನು ಮೊದಲು ಮೊಣಕೈಯ ಒಳಭಾಗದಲ್ಲಿ ಕೆಲವು ದಿನ ಹಚ್ಚಿ ನೋಡುವುದು ಒಳ್ಳೆಯದು.

ಕ್ರೀಮ್ ಅಥವಾ ಮುಲಾಮು ಅಂಟಿ ಒಣಗಿದ ಬಟ್ಟೆ ಮತ್ತು ದಿಂಬಿನ ಹೊದಿಕೆಗಳಿಗೆ ಬೆಂಕಿ ಬೇಗನೆ ಹತ್ತಿಕೊಳ್ಳುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆಯು ಈ ಬಗ್ಗೆ ಎಚ್ಚರಿಕೆ ನೀಡಿದೆ. ಇಂತಹ ಲೇಪನಗಳನ್ನು ಧಾರಾಳವಾಗಿ ಬಳಸುವವರು ಒಲೆ ಮತ್ತು ದೀಪಗಳ ಬಳಿ ಎಚ್ಚರ ವಹಿಸಬೇಕು.

ತೇವಕಾರಕವಲ್ಲದ ಮುಖದ ಕ್ರೀಮ್‌ಗಳು

ಮುಖವನ್ನು ಬೆಳ್ಳಗಾಗಿಸುವುದಾಗಿ ಹೇಳಿಕೊಳ್ಳುವ ಕೆಲವು ಕ್ರೀಮ್‌ಗಳು ತೇವಕಾರಕಗಳ ರೂಪದಲ್ಲಿಯೇ ಮಾರಾಟವಾಗುತ್ತವೆ. ಇವುಗಳಲ್ಲಿ ಎರಡು ವಸ್ತುಗಳು ವಿಶೇಷವಾಗಿ ಅಪಾಯಕಾರಿ. ಮೊದಲನೆಯದು ಪಾದರಸ. ಇದು ಚರ್ಮದ ಮೂಲಕ ದೇಹವನ್ನು ಸೇರಿ ಮೂತ್ರಪಿಂಡಗಳಿಗೆ ಹಾನಿಮಾಡುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂತಹ ಕ್ರೀಮ್‌ಗಳನ್ನು ಬಳಸಿದ್ದ ಹಲವರಲ್ಲಿ ಮೂತ್ರಪಿಂಡದ ಕಾಯಿಲೆ ಕಂಡುಬಂದದ್ದು 2023ರಲ್ಲಿ ವರದಿಯಾಯಿತು. ಎರಡನೆಯದು ಸ್ಟೀರಾಯ್ಡ್. ವೈದ್ಯರ ಸಲಹೆಯಿಲ್ಲದೆ ದೀರ್ಘಕಾಲ ಹಚ್ಚಿದರೆ ಮುಖದ ಚರ್ಮ ತೆಳುವಾಗುತ್ತದೆ. ಕೆಂಪು, ಮೊಡವೆ ಮತ್ತು ಅನಗತ್ಯ ಕೂದಲು ಕಾಣಿಸಿಕೊಳ್ಳುತ್ತವೆ. ನಿಲ್ಲಿಸಿದೊಡನೆ ಉರಿ ಹೆಚ್ಚುತ್ತದೆ. ಭಾರತ ಸರ್ಕಾರವು 2018ರಲ್ಲಿ ಹಲವು ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿದ್ದರೆ ಮಾತ್ರ ಮಾರಬಹುದಾದ ಔಷಧಗಳ ಅನುಸೂಚಿಗೆ ಸೇರಿಸಿತು.

ಘಟಕಾಂಶಗಳ ಪಟ್ಟಿಯಾಗಲಿ, ತಯಾರಕರ ವಿಳಾಸವಾಗಲಿ ಇಲ್ಲದ ಕ್ರೀಮನ್ನು ಮುಖಕ್ಕೆ ಹಚ್ಚಬಾರದು. ಕೆಂಪು, ತುರಿಕೆ ಅಥವಾ ಬಿರುಕು ಕಡಿಮೆಯಾಗದಿದ್ದರೆ ಮತ್ತೊಂದು ಕ್ರೀಮ್ ಕೊಳ್ಳುವುದಕ್ಕಿಂತ ಚರ್ಮವೈದ್ಯರನ್ನು ಕಾಣುವುದು ಉಚಿತ.

ಇವನ್ನೂ ನೋಡಿ

• ಚರ್ಮ
• ಗ್ಲಿಸರಿನ್
• ಎಕ್ಸಿಮಾ
• ಮುರುಗಲು
• ಪಾದರಸ