ಪಠ್ಯಪುಸ್ತಕ ಮಾತನಾಡಬೇಕಾದರೆ ಯುನಿಕೋಡ್ ಬೇಕು

ದೃಷ್ಟಿಹೀನ ವಿದ್ಯಾರ್ಥಿಗಳ ಕಲಿಕೆಗೆ ನೆರವಾಗುವ ಸಾಧನಗಳಲ್ಲಿ ಸ್ಕ್ರೀನ್ ರೀಡರ್ ತಂತ್ರಾಂಶ ಪ್ರಮುಖವಾದುದು. ಗಣಕಯಂತ್ರದ ಪರದೆಯ ಮೇಲಿನ ಬರಹವನ್ನು ಇದು ಧ್ವನಿಯಾಗಿ ಪರಿವರ್ತಿಸುತ್ತದೆ. ಮೌಸ್‌ನ ನೆರವಿಲ್ಲದೆ ಕೀಲಿಮಣೆಯಿಂದಲೇ ಇದನ್ನು ಬಳಸಬಹುದು. ಸ್ವತಃ ದೃಷ್ಟಿಹೀನರಾದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅವರು 2006ರಲ್ಲಿ ಆರಂಭಿಸಿದ 'ಎನ್‌ವಿಡಿಎ' ಉಚಿತ ತಂತ್ರಾಂಶವಾಗಿದ್ದು, ಅದರೊಂದಿಗೇ ಬರುವ 'ಇಸ್ಪೀಕ್' ಧ್ವನಿ ಕನ್ನಡವನ್ನೂ ಓದಬಲ್ಲದು. ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿ 'ಟಾಕ್‌ಬ್ಯಾಕ್' ಇದೇ ಕಾರ್ಯ ನಿರ್ವಹಿಸುತ್ತದೆ.

ಆದರೆ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ತಂತ್ರಾಂಶ ದೊರೆತ ಮಾತ್ರಕ್ಕೆ ಪಠ್ಯ ದೊರೆತಂತಾಗದು.

ಅಡಚಣೆ ಎಲ್ಲಿ?

ಯುನಿಕೋಡ್‌ಗೆ ಮುನ್ನ ಬಳಕೆಗೆ ಬಂದ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಗಳ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಇರಿಸಲಾಗಿತ್ತು. ಇಂತಹ ಕಡತ ಕಣ್ಣಿಗೆ ಕನ್ನಡವಾಗಿ ಕಂಡರೂ ಸ್ಕ್ರೀನ್ ರೀಡರ್‌ಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಮಾತ್ರ. ಸ್ಕ್ಯಾನ್ ಮಾಡಿದ ಪುಟವಂತೂ ಬರಿಯ ಚಿತ್ರ. ಅದರಲ್ಲಿ ನೇರವಾಗಿ ಓದಬಹುದಾದ ಅಕ್ಷರಗಳೇ ಇರುವುದಿಲ್ಲ.

ಹಳೆಯ ಫಾಂಟ್‌ನ ಬರಹವನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಚಿತ್ರದಿಂದ ಅಕ್ಷರ ಗುರುತಿಸುವ ಓಸಿಆರ್ ತಂತ್ರಾಂಶವೂ ಕನ್ನಡಕ್ಕೆ ಲಭ್ಯವಿದೆ. ಆದರೆ ಒತ್ತಕ್ಷರಗಳಲ್ಲಿ ತಪ್ಪುಗಳು ನುಸುಳುವುದರಿಂದ ಕರಡು ತಿದ್ದುವವರು ಬೇಕೇ ಬೇಕು. ನಕ್ಷೆ, ರೇಖಾಚಿತ್ರಗಳಿಗೆ ವಿವರಣೆಯನ್ನು ಬರೆದು ಸೇರಿಸಬೇಕಾಗುತ್ತದೆ.

ಬ್ರೈಲ್‌ನ ಸ್ಥಾನ

ಧ್ವನಿಯು ಬ್ರೈಲ್ ಲಿಪಿಗೆ ಸಂಪೂರ್ಣ ಪರ್ಯಾಯವಲ್ಲ. 'ಶ' ಮತ್ತು 'ಷ' ಅಕ್ಷರಗಳ ವ್ಯತ್ಯಾಸ ಕಿವಿಗೆ ಸುಲಭವಾಗಿ ದಕ್ಕದು. ಕಾಗುಣಿತ ಕಲಿಯಲು ಬೆರಳಿನ ಸ್ಪರ್ಶವೇ ಬೇಕು. ಭಾರತೀಯ ಭಾಷೆಗಳಿಗೆ ಸಾಮಾನ್ಯವಾದ ಭಾರತಿ ಬ್ರೈಲ್ 1951ರಿಂದ ಬಳಕೆಯಲ್ಲಿದೆ.

ಕಾನೂನಿನ ಬಲ

2012ರ ಕೃತಿಸ್ವಾಮ್ಯ ತಿದ್ದುಪಡಿಯ ಪ್ರಕಾರ, ಅಂಗವಿಕಲರ ಬಳಕೆಗಾಗಿ ಲಾಭದ ಉದ್ದೇಶವಿಲ್ಲದೆ ಪುಸ್ತಕವನ್ನು ಸುಗಮ ರೂಪಕ್ಕೆ ತರಲು ಹಕ್ಕುದಾರರ ಅನುಮತಿ ಅಗತ್ಯವಿಲ್ಲ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಪುಸ್ತಕ ಹಾಗೂ ಸಹಾಯಕ ಸಾಧನಗಳನ್ನು ಉಚಿತವಾಗಿ ಒದಗಿಸಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಅದೇ ವರ್ಷ ಆರಂಭಗೊಂಡ 'ಸುಗಮ್ಯ ಪುಸ್ತಕಾಲಯ' ಇಂತಹ ಪುಸ್ತಕಗಳ ಅಂತರ್ಜಾಲ ಭಂಡಾರವಾಗಿದೆ.

ಶಿಕ್ಷಕರು ಟಿಪ್ಪಣಿಗಳನ್ನು, ಪ್ರಕಾಶಕರು ಪುಸ್ತಕದ ಮೂಲ ಕಡತವನ್ನು ಯುನಿಕೋಡ್‌ನಲ್ಲಿಯೇ ಸಿದ್ಧಪಡಿಸಿದರೆ ಈ ಶ್ರಮದ ಬಹುಪಾಲು ತಪ್ಪುತ್ತದೆ. ಇಲ್ಲವಾದರೆ ಉಚಿತ ತಂತ್ರಾಂಶ ಕೈಯಲ್ಲಿದ್ದರೂ ಪಾಠ ಓದಿ ಹೇಳುವವರಿಗಾಗಿ ವಿದ್ಯಾರ್ಥಿ ಕಾಯುವುದು ತಪ್ಪದು.