ಬಾಡುವ ಮರದ ಚಿಹ್ನೆ: ವಾಯ್ ಲಿಪಿಯ ಒಂದು ಅಕ್ಷರ

ಪಶ್ಚಿಮ ಆಫ್ರಿಕದ ಲೈಬೀರಿಯ ಮತ್ತು ಸಿಯೆರಾ ಲಿಯೋನ್ ದೇಶಗಳಲ್ಲಿ ನೆಲೆಸಿರುವ ವಾಯ್ ಜನರ ಭಾಷೆಯು ಮಾಂಡೆ ಭಾಷಾವರ್ಗಕ್ಕೆ ಸೇರಿದುದು. ಈ ಭಾಷೆಗೆ 1830ರ ದಶಕದಲ್ಲಿ ಲಿಪಿಯನ್ನು ರೂಪಿಸಿದವನು ಮೊಮೊಲು ದುವಾಲು ಬುಕೆಲೆ. ಕನಸಿನಲ್ಲಿ ಕಾಣಿಸಿಕೊಂಡ ವ್ಯಕ್ತಿಯೊಬ್ಬನು ತನಗೆ ಅಕ್ಷರಗಳನ್ನು ತೋರಿಸಿದನೆಂದೂ ಎಚ್ಚರವಾದ ಮೇಲೆ ಮರೆತುಹೋದವುಗಳನ್ನು ಗೆಳೆಯರ ನೆರವಿನಿಂದ ಹೊಸದಾಗಿ ಕಲ್ಪಿಸಿದೆನೆಂದೂ ಅವನು 1849ರಲ್ಲಿ ತನ್ನನ್ನು ಕಂಡ ಜರ್ಮನ್ ಮಿಷನರಿ ವಿದ್ವಾಂಸ ಎಸ್. ಡಬ್ಲ್ಯು. ಕೋಲೆಗೆ ತಿಳಿಸಿದನು.

ಇದು ಉಚ್ಚಾರಾಂಶಗಳ ಲಿಪಿ. ಕನ್ನಡದಲ್ಲಿರುವಂತೆ ವ್ಯಂಜನಕ್ಕೆ ಸ್ವರಚಿಹ್ನೆಯನ್ನು ಸೇರಿಸುವ ಕಾಗುಣಿತ ಕ್ರಮ ಇಲ್ಲಿಲ್ಲ; ‘ಕಿ’, ‘ಕು’ಗಳಿಗೆ ಬೇರೆ ಬೇರೆ ರೂಪಗಳೇ ಇವೆ. ಆದ್ದರಿಂದ ಅಕ್ಷರಗಳ ಸಂಖ್ಯೆ 200ನ್ನು ಮೀರುತ್ತದೆ. ಇವುಗಳ ಜೊತೆಗೆ ಪ್ರಾಚೀನ ಬರಹಗಳಲ್ಲಿ ಇಡೀ ಪದವನ್ನೇ ಸೂಚಿಸುವ ಕೆಲವು ಚಿಹ್ನೆಗಳಿದ್ದವು. ಬುಕೆಲೆಗಿಂತ ಹಿಂದಿನ ಸಂಕೇತಗಳ ಅವಶೇಷಗಳು ಇವಾಗಿರಬಹುದೆಂಬ ಅಭಿಪ್ರಾಯವೂ ಉಂಟು. ಅವುಗಳಲ್ಲೊಂದು ‘ಫಾ’. ಸಾಯು, ಕೊಲ್ಲು ಎಂಬುದು ಇದರ ಅರ್ಥ. ರೂಪವು ಬಾಡುತ್ತಿರುವ ಮರವನ್ನು ಹೋಲುತ್ತದೆಂದು ಹೇಳುತ್ತಾರೆ. ಒಬ್ಬರು ತೀರಿಕೊಂಡ ದಿನಾಂಕದ ಪಕ್ಕದಲ್ಲಿ ಇದನ್ನು ಬರೆಯುವ ರೂಢಿ ಇಂದಿಗೂ ಉಳಿದಿದೆ.

ಮೈಕೆಲ್ ಎವರ್ಸನ್, ಚಾರ್ಲ್ಸ್ ರೈಲಿ ಮತ್ತು ಹೊಸೆ ರಿವೇರಾ ಅವರು 2005ರಲ್ಲಿ ವಾಯ್ ಲಿಪಿಯ ಪ್ರಸ್ತಾವವನ್ನು ಸಿದ್ಧಪಡಿಸಿದರು. 2008ರಲ್ಲಿ ಪ್ರಕಟವಾದ ಯೂನಿಕೋಡ್ 5.1 ಆವೃತ್ತಿಯಲ್ಲಿ ಈ ಲಿಪಿಗೆ 300 ಸಂಕೇತಸ್ಥಾನಗಳು ದೊರೆತವು. ‘ಫಾ’ ಚಿಹ್ನೆಯ ಸ್ಥಾನ ಎ618. ಈ ಧ್ವನಿಯನ್ನು ಸಾಮಾನ್ಯ ಅಕ್ಷರಗಳಿಂದಲೂ ಬರೆಯಬಹುದಾಗಿರುವಾಗ ಪ್ರತ್ಯೇಕ ಸ್ಥಾನವೇಕೆ ಎಂಬ ಪ್ರಶ್ನೆ ಸಹಜ. ಸಾಮಾನ್ಯ ಅಕ್ಷರಗಳು ಧ್ವನಿಯನ್ನಷ್ಟೇ ತಿಳಿಸುತ್ತವೆ. ಈ ಚಿಹ್ನೆ ಅರ್ಥವನ್ನೂ ಹೊತ್ತಿದೆ. ಒಂದರ ಬದಲಿಗೆ ಇನ್ನೊಂದನ್ನು ಇಟ್ಟರೆ ಓದು ಕೆಡದಿರಬಹುದು. ಆದರೆ ಬರೆದವನು ಯಾವ ಚಿಹ್ನೆಯನ್ನು ಆಯ್ದುಕೊಂಡನೆಂಬ ಸಾಕ್ಷ್ಯ ಅಳಿಸಿಹೋಗುತ್ತದೆ. ‘ಜಾಂಗ್’ ಎಂಬ ಇನ್ನೊಂದು ಪದಚಿಹ್ನೆಯ ಅರ್ಥ ‘ಗುಲಾಮ’. ವಾಯ್ ನಾಡಿನ ಕರಾವಳಿಯ ಗಲ್ಲಿನಾಸ್‌ನಿಂದ ಬುಕೆಲೆಯ ಕಾಲದಲ್ಲೇ ಗುಲಾಮರನ್ನು ಹಡಗುಗಳಲ್ಲಿ ಸಾಗಿಸಲಾಗುತ್ತಿತ್ತು. ಇಂತಹ ಚಿಹ್ನೆಯನ್ನು ಕೈಬಿಡುವುದೆಂದರೆ ಆ ಇತಿಹಾಸದ ಒಂದು ಗುರುತನ್ನೇ ಕೈಬಿಟ್ಟಂತೆ.

ಸಂಕೇತೀಕರಣವು ಕೇವಲ ತಾಂತ್ರಿಕ ಕಾರ್ಯವಲ್ಲ ಎಂಬುದಕ್ಕೆ ಕನ್ನಡದಲ್ಲಿಯೂ ನಿದರ್ಶನವಿದೆ. ಹಳಗನ್ನಡ ಕಾವ್ಯಗಳ ‘ೞ’ ಅಕ್ಷರಕ್ಕೆ ಯೂನಿಕೋಡ್‌ನಲ್ಲಿ ತಪ್ಪಾಗಿ ‘ಫ’ ಎಂಬ ಹೆಸರು ಬಿದ್ದಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಲಾಗದೆಂಬುದು ಅಲ್ಲಿನ ನಿಯಮವಾದ್ದರಿಂದ, ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಬೇಕಾಯಿತು. ಗ್ರಂಥಸಂಪಾದನೆಯ ದೋಷವನ್ನು ಮುಂದಿನ ಮುದ್ರಣದಲ್ಲಿ ತಿದ್ದಬಹುದು. ಇಲ್ಲಿ ಆ ಅವಕಾಶವಿಲ್ಲ. ಆದಕಾರಣ ಲಿಪಿಯ ಚರಿತ್ರೆಯನ್ನು ಬಲ್ಲವರ ಪಾತ್ರ ಸಂಕೇತೀಕರಣಕ್ಕೆ ಮೊದಲೇ ಆರಂಭವಾಗಬೇಕು.